ಹನ್ನೆರಡು ಕೊಕ್ಕೆಗಳ ಹಲಗೆ

ಬಾತಾಮ್ ದ್ವೀಪದ ನಮ್ಮ ಹಡಗು ರಿಪೇರಿ ಯಾರ್ಡಿನಲ್ಲಿ, ಹಡಗಿನ ತೈಲತೊಟ್ಟಿಯೊಳಗೆ ಇಳಿಯುವವನು ತನ್ನ ಹೆಸರಿನ ಬಿಲ್ಲೆಯನ್ನು ತೊಟ್ಟಿಯ ಬಾಯಿಯ ಬಳಿಯ ಕಬ್ಬಿಣದ ಹಲಗೆಗೆ ತೂಗುಹಾಕಬೇಕು. ಮೇಲೆ ಬಂದಾಗ ತೆಗೆಯಬೇಕು. ಆ ಬಾಯಿಯ ಕಾವಲು ಲಮ್ರಿಯಾಳದು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಹಲಗೆ ಬರಿದಾಗಿತ್ತು, ಎಲ್ಲರೂ ಮೇಲೆ ಬಂದರೆಂದುಕೊಂಡೆವು. ತೊಟ್ಟಿಯೊಳಕ್ಕೆ ಗಾಳಿ ಊದುವ ಯಂತ್ರವನ್ನೂ ನಿಲ್ಲಿಸಿಯಾಗಿತ್ತು. ನನ್ನ ಪಕ್ಕದಲ್ಲಿ ಒಂದು ಅನ್ನದ ಪೊಟ್ಟಣ ಬಿಚ್ಚದೆ ಉಳಿದಿದ್ದುದನ್ನು ಕಂಡು ನಾನು ಓಡಿದೆ. ಬಣ್ಣ ಬಳಿಯುವ ವಾಗಿಮಾನ್ ತೊಟ್ಟಿಯ ತಳದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಬದುಕಿಕೊಂಡ, ಅವನ ಬಿಲ್ಲೆ ಮಾತ್ರ ಜೇಬಿನಲ್ಲೇ ಇತ್ತು.

ಅಪಘಾತದ ವರದಿಯ ಫಾರಮ್ಮಿನಲ್ಲಿ ‘ತಪ್ಪಿತಸ್ಥನ ಹೆಸರು’ ಎಂಬ ಖಾನೆಯಿದೆ. ಅಲ್ಲಿ ಹೆಸರು ಬಿದ್ದವನ ಕೆಲಸ ಹೋದಂತೆಯೇ. ನಾವು ‘ಪಾಕ್’, ಅಂದರೆ ಸಾಹೇಬರು, ಎನ್ನುವ ಮ್ಯಾನೇಜರ್ ಸರ್ವೋನೊ ಅದನ್ನು ತುಂಬಲು ಲಮ್ರಿಯಾಳಿಗೇ ಕೊಟ್ಟರು. ಎರಡು ವರ್ಷದಿಂದ ಅವಳು ಭಾನುವಾರಗಳಂದು ಒಂದು ಶಾಲೆಯಲ್ಲಿ ಕೆಲಸದ ಸುರಕ್ಷತೆಯ ಶಾಸ್ತ್ರವನ್ನು ಓದುತ್ತಿದ್ದಳು. ಕೊನೆಯ ಪರೀಕ್ಷೆಗೆ ತನ್ನದೇ ಯಾರ್ಡಿನ ಒಂದು ಅಪಘಾತದ ವರದಿ ಬೇಕಿತ್ತು, ಮ್ಯಾನೇಜರರ ಸಹಿಯೊಡನೆ. ವಾಗಿಮಾನನ ಅಜಾಗರೂಕತೆ ಎಂದು ಬರೆದರೆ ಅದೇ ದಿನ ಸಹಿ ಹಾಕುವುದಾಗಿ ಅವರು ತಿಳಿಸಿದ್ದರು.

ಕಾಫಿಯ ವೇಳೆ ಅವಳು ತನ್ನ ಪುಸ್ತಕದ ಪಾಠಗಳನ್ನು ನಮಗೆ ಹೇಳುತ್ತಿದ್ದಳು. ‘ಅವನದೇ ತಪ್ಪು’ ಎಂದೊಡನೆ ವಿಚಾರಣೆ ಸತ್ತುಹೋಗುತ್ತದಂತೆ. ಅವನು ಮಾಡಿದ್ದು ಆ ಗಳಿಗೆಯಲ್ಲಿ ಅವನಿಗೇಕೆ ಸರಿಯೆನಿಸಿತೆಂದು ಕೇಳಬೇಕಂತೆ.

“ಕಾಲು ಜಾರಿದ್ರೆ ಬೀಳ್ತಾರೆ ಅಂತ ತಿಳ್ಕೊಳ್ಳೋಕೂ ಪರೀಕ್ಷೆ ಬರೀಬೇಕಾ ಅಕ್ಕಾ?” ಎಂದು ನಾನೇ ಹಿಂದೊಮ್ಮೆ ಅಣಕಿಸಿದ್ದೆ.

ಈಗ ಅವಳು ನಮ್ಮೊಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿದಳು. ಹೊಸತೇನೂ ಹೊರಬರಲಿಲ್ಲ. ಹಲಗೆಯಲ್ಲಿ ಕೊಕ್ಕೆಗಳು ಹನ್ನೆರಡು, ಇಳಿಯುವವರು ಹತ್ತೊಂಬತ್ತು. ತಡವಾಗಿ ಬಂದ ಏಳು ಜನ ಬಿಲ್ಲೆಯನ್ನು ಜೇಬಿಗಿಳಿಸುತ್ತಿದ್ದೆವು, ನಾನೂ ಅವರಲ್ಲೊಬ್ಬ. ಆ ಏಳು ಜನರನ್ನು ತಲೆಗೊಂದು ಗೀಟಿನಂತೆ ಲಮ್ರಿಯಾ ತನ್ನ ಅಂಗೈಯಲ್ಲಿ ಪೆನ್ನಿನಿಂದ ಗೀಚಿಕೊಳ್ಳುತ್ತಿದ್ದಳು. ಅಂದು ಬೆವರಿಗೆ ಒಂದು ಗೀಟು ಅಳಿಸಿಹೋಗಿತ್ತು. ದೊಡ್ಡ ಹಲಗೆಯ ಅರ್ಜಿ ಮೂರು ಸಹಿಗಳಿಗಾಗಿ ವರ್ಷದಿಂದ ಕಾಯುತ್ತಿತ್ತು. ಸಾಹೇಬರೆದುರು ಅವರ ಮುಖ ಅರಳುವ ಮಾತನ್ನಷ್ಟೇ ಆಡುವ ಜನ ನಾವು; ಅರ್ಜಿಯನ್ನು ಯಾರೂ ನೆನಪಿಸಿರಲಿಲ್ಲ.

ಬೆಳಗಿನ ಸಾಲಿನಲ್ಲಿ, ಎಲ್ಲರ ಮುಂದೆ, ಪಾಕ್ ಸರ್ವೋನೊ ಫಾರಮ್ಮನ್ನು ಓದಿದರು.

“ಹೆಸರೆಲ್ಲಿ?”

“ಅಲ್ಲಿ ಲೆಕ್ಕ ಬರ್ದಿದೀನಿ, ಪಾಕ್. ಕೊಕ್ಕೆ ಹನ್ನೆರಡು, ಜನ ಹತ್ತೊಂಬತ್ತು. ಉಳಿದೋರಿಗೆ ನನ್ನ ಅಂಗೈ.”

“ನಿನ್ನ ಸರ್ಟಿಫಿಕೇಟು ನನ್ನ ಪೆನ್ನಲ್ಲಿದೆ. ಗೊತ್ತಲ್ವಾ?”

“ಪೆನ್ನು ನಿಮ್ದು, ಜೋಪಾನವಾಗಿ ಇಟ್ಕೊಳ್ಳಿ. ತೊಟ್ಟಿ ಬಾಯಿಗೆ ನಾನಿದೀನಿ. ಇವತ್ತು ಹದಿಮೂರನೆಯವನು ಇಳಿಯಲ್ಲ.”

ಅವಳು ತೊಟ್ಟಿಯ ಬಾಯಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕುಳಿತಳು. ಮೊದಲು ಬಿಲ್ಲೆ ಹಾಕಿದ್ದ ಹನ್ನೆರಡು ಜನರಲ್ಲಿ ಹಿರಿಯನಾದ, ನಾವೆಲ್ಲ ‘ಬಾಂಗ್’, ಅಂದರೆ ಅಣ್ಣ, ಎನ್ನುವ ಲಾ ಉದಿನ್, ತಾನೂ ಇಳಿಯುವುದಿಲ್ಲವೆಂಬಂತೆ ತನ್ನ ಬಿಲ್ಲೆಯನ್ನು ಕಳಚಿಕೊಂಡ. ಉಳಿದವರೂ ಕಳಚಿಕೊಂಡರು. ಹಡಗು ಸಂಜೆಯೊಳಗೆ ಹೊರಡಬೇಕಿತ್ತು. ಪಾಕ್ ಸರ್ವೋನೊ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು, ಕಚೇರಿಗೆ ನಡೆದರು.

ನಾನು ಬೆಸುಗೆಯವನು. ಗುಜರಿಯಿಂದ ಒಂದು ಸರಳನ್ನು ಎಳೆದು ತಂದು ಏಳು ತುಂಡು ಮಾಡಿ, ಬಗ್ಗಿಸಿ, ಹಲಗೆಯನ್ನು ತೊಟ್ಟಿಯಿಂದ ದೂರ ಒಯ್ದು ಅದರ ಕೆಳಗೊಂದು ತಗಡು ಸೇರಿಸಿ ಬೆಸೆದೆ. ವರ್ಷದಿಂದ ಕಾದಿದ್ದ ಕೆಲಸಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಅನುಮತಿ ಯಾರದೆಂದು ಕಚೇರಿಯವರು ಕೇಳಿಕಳಿಸಿದಾಗ, ವಾಗಿಮಾನನನ್ನು ಬಿಟ್ಟು ನಾವು ಹದಿನೆಂಟು ಜನರೂ ಕೈ ಎತ್ತಿದೆವು.

ಸಹಿ ಸಿಗಲಿಲ್ಲ. ಸಹಿಯಿಲ್ಲದ ವರದಿಯನ್ನು ಶಾಲೆಯವರು ಹಿಂದಿರುಗಿಸಿದರು. ಹೆಸರಿಲ್ಲದ ವರದಿಯಿಂದ ವಾಗಿಮಾನನನ್ನು ಕೆಲಸದಿಂದ ತೆಗೆಯಲೂ ಆಗಲಿಲ್ಲ. ಈಗ ಅವನ ಬಿಲ್ಲೆ ಹದಿಮೂರನೆಯ ಕೊಕ್ಕೆಯಲ್ಲಿ ತೂಗುತ್ತದೆ. ಲಮ್ರಿಯಾ ಇನ್ನೂ ತೊಟ್ಟಿಯ ಬಾಯಿಯಲ್ಲೇ ಇದ್ದಾಳೆ, ಮೊಣಕಾಲ ಮೇಲೆ ಅದೇ ಪುಸ್ತಕ. ಮುಂದಿನ ಪರೀಕ್ಷೆಗೆ ಹಣ ಕಟ್ಟಿದ್ದಾಳೆ. ಅದೇ ವರದಿಯನ್ನು ಮತ್ತೆ ಬರೆದು ಮೊನ್ನೆ ಸಹಿಗೆ ಕಳಿಸಿದಳು. ಆ ಖಾನೆಯಲ್ಲಿ ಈ ಸಲವೂ ಹೆಸರಿಲ್ಲ.