ಅಕ್ಕನಿಗೊಂದು ಕಾಫಿ ಮೆಷಿನ್

ಕುದಿಯುವ ನೀರು ಕೈಮೇಲೆ ಚೆಲ್ಲಿದಾಗ ಅಕ್ಕ ಯಾರನ್ನೂ ಕೂಗಲಿಲ್ಲ. ಸಂಜೆ ಅವಳ ತಮ್ಮ ಮನೆಗೆ ಬಂದು, ಎಡಗೈಗೆ ಸುತ್ತಿಕೊಂಡಿದ್ದ ಒದ್ದೆ ಟವೆಲನ್ನು ನೋಡಿದ ಮೇಲೆಯೇ ಸಂಗತಿ ಗೊತ್ತಾದದ್ದು. ಟವೆಲ್ ಬಿಚ್ಚಿದರೆ ಮಣಿಕಟ್ಟಿನಿಂದ ಬೆರಳಿನ ಗೆಣ್ಣಿನವರೆಗೂ ಬೊಬ್ಬೆ.

“ಏನಕ್ಕಾ ಇದು?”

“ಕಾಫಿ ಮಾಡ್ಕೊಳ್ತಿದ್ದೆ. ಲೋಟ ಅಲ್ಲಿರ್ಲಿಲ್ಲ.”

“ಮತ್ತೆ ಎಲ್ಲಿತ್ತು?”

“ಅದು ಗೊತ್ತಿದ್ದಿದ್ರೆ ಅಲ್ಲಿಗೇ ಹುಯ್ತಿದ್ನಲ್ಲೋ.”

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

ಅಕ್ಕ ಇಪ್ಪತ್ತೆಂಟು ವರ್ಷ ಸಿಟಿ ಬಸ್ ಓಡಿಸಿದವಳು. ಬೆಳಗಿನ ಮೊದಲ ಟ್ರಿಪ್ಪು ಯಾವಾಗಲೂ ಅವಳದೇ. ಡಿಪೋ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಸಕ್ಕರೆಯಿಲ್ಲದ ಗಟ್ಟಿ ಕಾಫಿ ಒಂದು ದೊಡ್ಡ ಲೋಟ ಇಳಿಸಿಯೇ ಅವಳು ಸ್ಟೀರಿಂಗ್ ಹಿಡಿಯುತ್ತಿದ್ದದ್ದು. ಮೂರು ವರ್ಷದ ಹಿಂದೆ ಎಡಗಡೆಯಿಂದ ಬಂದ ಸ್ಕೂಟರ್ ಅವಳಿಗೆ ಕಾಣಲಿಲ್ಲ. ಸವಾರನಿಗೆ ಏನೂ ಆಗಲಿಲ್ಲ. ಆದರೆ ಅವಳು ಬಸ್ಸನ್ನು ಬದಿಗೆ ನಿಲ್ಲಿಸಿ, ಇಳಿದು, ತಾನಾಗಿಯೇ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಕಣ್ಣಿನ ನರ ಒಣಗುತ್ತಾ ಬಂದಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು. ಅಂಚಿನಿಂದ ಶುರುವಾದ ಕತ್ತಲೆ ಎರಡು ವರ್ಷದಲ್ಲಿ ನಡುವಿಗೂ ಬಂತು. ಈಗ ಕಿಟಕಿ ಯಾವ ಕಡೆಗಿದೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು.

ತಮ್ಮನದು ಬೀಗ ರಿಪೇರಿ ಕೆಲಸ. ಎರಡು ಕಟ್ಟಡಗಳ ಸಂದಿಯಲ್ಲಿ, ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಂಗಡಿ. ಮದುವೆ ಒಂದು ಆಗಿ ಮುರಿದುಹೋಗಿತ್ತು. ಅಕ್ಕನ ಕಣ್ಣು ಹೋದ ಮೇಲೆ ಅವನು ತನ್ನ ಪೆಟ್ಟಿಗೆ, ಅರ, ಕೀಲಿಗೊಂಚಲು ಎಲ್ಲ ಎತ್ತಿಕೊಂಡು ಅವಳ ಮನೆಗೆ ಬಂದಿದ್ದ.

ಕೈ ಸುಟ್ಟ ಮರುದಿನ ಅವನು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆರಿಸಿ ಕೆಲಸಕ್ಕೆ ಹೋದ. ಮೂರನೆಯ ದಿನ ಅವಳಿಗೆ ಅದು ಗೊತ್ತಾಯಿತು.

“ಐವತ್ತು ಜನರ ಜೀವ ನನ್ನ ಕೈಲಿ ಕೊಟ್ಟು ನಿದ್ದೆ ಹೊಡೀತಿದ್ರು ಕಣೋ ಬಸ್ಸಲ್ಲಿ. ಈಗ ಒಂದು ಲೋಟ ಕಾಫಿಗೆ ನನ್ನ ನಂಬಲ್ವಾ ನೀನು?”

“ನಂಬಿಕೆ ಮಾತಲ್ಲಕ್ಕಾ. ಬೆಳಿಗ್ಗೆ ನಾನೇ ಮಾಡಿಟ್ಟು ಹೋಗ್ತೀನಿ.”

“ನೀನು ಮಾಡೋದು ಕಾಫಿನಾ? ಲೋಟ ತೊಳೆದ ನೀರು ಅದು.”

ಆಮೇಲೆ ಅವಳು ಮೆಲ್ಲಗೆ ಹೇಳಿದಳು: “ಇಡೀ ದಿನದಲ್ಲಿ ನಾನು ಅಂತ ಮಾಡೋದು ಅದೊಂದೇ ಉಳಿದಿರೋದು. ಅದನ್ನೂ ತೆಗೀಬೇಡ.”

ಅವನು ಬಾಗಿಲ ಹತ್ತಿರ ನಿಂತ. ಬೆಂಕಿಯಿಲ್ಲದೆ ತಾನೇ ಬೀಜ ಪುಡಿಮಾಡಿ, ತಾನೇ ನೀರು ಕಾಯಿಸಿ, ಲೋಟಕ್ಕೇ ಇಳಿಸುವ ಮೆಷಿನ್ ಇರುತ್ತದೆ ಎಂದು ನೆನಪಾದದ್ದು ಆಗಲೇ. “ಭಾನುವಾರ ಹೋಗಿ ನೋಡೋಣ,” ಎಂದ.

ಭಾನುವಾರ ಮೊದಲು ಹೋದದ್ದು ಕಾಫಿ ಹುರಿಯುವವನ ಅಂಗಡಿಗೆ. “ಬೀಜ ಚೆನ್ನಾಗಿಲ್ದೆ ಎಂಥ ಮೆಷಿನ್ ತಂದು ಏನು ಮಾಡ್ತೀಯ?” ಎಂದು ಅಕ್ಕನೇ ಹಟ ಹಿಡಿದಿದ್ದಳು. ಗೋಣಿಚೀಲಗಳ ಸಾಲು, ಮೂಲೆಯಲ್ಲಿ ಹುರಿಯುವ ಡ್ರಮ್ಮು, ಹಲಗೆಯ ಮೇಲೆ ಗಾಜಿನ ಡಬ್ಬಗಳು. ಅಂಗಡಿಯವನು ಮೊದಲ ಡಬ್ಬ ತೆರೆದು ಅವಳ ಮೂಗಿನ ಹತ್ತಿರ ಹಿಡಿದ.

“ಇದು ಸೀದಿದೆ,” ಎಂದಳು.

“ಡಾರ್ಕ್ ರೋಸ್ಟ್ ಅಮ್ಮಾ, ಬಹಳ ಜನ ಕೇಳಿ ತಗೊಳ್ತಾರೆ.”

“ಕೇಳ್ಲಿ. ಸೀದಿದ್ದು ಸೀದಿದ್ದೇ.”

ಎರಡನೆಯದನ್ನು ಮೂಸಿ, “ಇದು ಹುರಿದು ಎರಡು ತಿಂಗಳಾಗಿರ್ಬೇಕು. ಬರೀ ಡಬ್ಬದ ವಾಸನೆ,” ಎಂದಳು. ಅಂಗಡಿಯವನು ಚೀಟಿ ನೋಡಿ ನಾಲಿಗೆ ಕಚ್ಚಿಕೊಂಡ. ಮೂರನೆಯದರಿಂದ ಒಂದು ಬೀಜ ಬಾಯಿಗೆ ಹಾಕಿಕೊಂಡು ಕಟುಮ್ಮೆಂದು ಕಡಿದಳು. ನಿಧಾನವಾಗಿ ಅಗಿದಳು. ಮುಖ ಸಡಿಲವಾಯಿತು.

“ಹ್ಞಾಂ. ಇದು.”

“ಯಾವ ಕಂಪನೀಲಿ ಟೇಸ್ಟ್ ನೋಡೋ ಕೆಲಸ ಮಾಡ್ತಿದ್ರಿ ಅಮ್ಮಾ?”

“ಬಸ್ ಕಂಪನೀಲಿ.”

ಅಂಗಡಿಯವನು ಗೊಳ್ಳೆಂದು ನಕ್ಕ. ಅಕ್ಕ ಆರಿಸಿದ್ದು ಮೆಷಿನ್ನಿಗೂ ಒಳ್ಳೆಯದೇ ಅಂದ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದದ್ದು ಮೆಷಿನ್ನೊಳಗೆ ಬೀಜ ಪುಡಿಮಾಡುವ ಹಲ್ಲಿಗೆ ಅಂಟಿಕೊಳ್ಳುತ್ತದಂತೆ. ಸ್ಟೂಲ್ ಹಾಕಿ ಕೂರಿಸಿ ಒಂದು ಲೋಟ ಮಾಡಿಕೊಟ್ಟ. ತನ್ನ ಅಕ್ಕ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ತಮ್ಮ ನೋಡದೆ ಎಷ್ಟೋ ದಿನವಾಗಿತ್ತು. ಆ ಅರ್ಧ ಗಂಟೆ ಅವಳಿಗೆ ಕಣ್ಣಿಲ್ಲ ಎಂಬುದನ್ನೇ ಅವನು ಮರೆತಿದ್ದ.

ಮೆಷಿನ್ ಅಂಗಡಿ ಹಾಗಿರಲಿಲ್ಲ. ಎರಡು ಮಹಡಿ, ತಣ್ಣನೆ ಗಾಳಿ, ನುಣ್ಣಗಿನ ನೆಲ. ಗೋಡೆಯುದ್ದಕ್ಕೂ ಇಪ್ಪತ್ತು ಮೆಷಿನ್ನುಗಳು ಸಾಲಾಗಿ ನಿಂತಿದ್ದವು. ಸೇಲ್ಸಿನವನು ತಮ್ಮನ ಮುಖ ನೋಡಿಕೊಂಡೇ ಮಾತಾಡಿದ.

“ಮೇಡಂಗೆ ಹಾಲಿನ ನೊರೆ ಬೇಕಾಗುತ್ತಾ ಸರ್?”

“ಮೇಡಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಕಣಪ್ಪಾ,” ಎಂದಳು ಅಕ್ಕ. “ನನ್ನನ್ನೇ ಕೇಳು. ನೊರೆ ಬೇಡ. ಗುಂಡಿ ಬೇಕು.”

“ಗುಂಡಿ ಅಂದ್ರೆ?”

“ಒತ್ತಿದ್ರೆ ಒಳಗೆ ಹೋಗೋದು.”

ಸೇಲ್ಸಿನವನು ಅವಳ ಕೈಯನ್ನು ಮೊದಲ ಮೆಷಿನ್ನಿನ ಮುಖದ ಮೇಲಿಟ್ಟ. ಗಾಜು. ಅವಳ ಬೆರಳು ಆ ಕಡೆಯಿಂದ ಈ ಕಡೆಗೆ ಜಾರಿತು, ಎಲ್ಲೂ ತಡೆಯಲಿಲ್ಲ. ತಿಳಿಯದೆ ಎಲ್ಲೋ ತಾಗಿ ಮೆಷಿನ್ ಕುಂಯ್‌ಗುಟ್ಟಿತು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಎರಡನೆಯದೂ ಗಾಜು. ಮೂರನೆಯದೂ. ಐದನೆಯದಕ್ಕೆ ಫೋನಿನಿಂದಲೇ ಹೇಳಬೇಕಂತೆ. “ಈಗೆಲ್ಲಾ ಟಚ್ ಸರ್. ಗುಂಡಿ ಇರೋದು ಯಾರೂ ಕೇಳಲ್ಲ,” ಎಂದ ಸೇಲ್ಸಿನವನು, ಮತ್ತೆ ತಮ್ಮನ ಮುಖ ನೋಡಿ.

ಎಂಥ ಬೀಗ ಕೊಟ್ಟರೂ ತೆಗೆಯುತ್ತೇನೆಂಬ ಜಂಬ ತಮ್ಮನಿಗಿತ್ತು. ಈ ನುಣ್ಣಗಿನ ಗಾಜಿನ ಮುಂದೆ ಅವನ ಕೈಗಳಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೂರು ಭಾನುವಾರ, ಐದು ಅಂಗಡಿ ಸುತ್ತಿದರು. ಕೊನೆಗೆ ಒಂದು ಹಳೆಯ ಅಂಗಡಿಯ ಕೆಳಗಿನ ಹಲಗೆಯ ಮೇಲೆ, ಯಾರೂ ಒಯ್ಯದೆ ಧೂಳು ಹಿಡಿದಿದ್ದ ಒಂದು ಸಿಕ್ಕಿತು. ಮುಂದುಗಡೆ ತಿರುಗಿಸುವ ದಪ್ಪ ತಿರುಪು, ಪಕ್ಕದಲ್ಲಿ ಎರಡು ಉಬ್ಬಿದ ಗುಂಡಿ. ಅಕ್ಕ ತಿರುಪು ಹಿಡಿದು ಟಕ್ ಟಕ್ಕೆಂದು ತಿರುಗಿಸಿ, “ಗೇರ್ ಇದ್ದಂಗಿದೆ,” ಎಂದಳು. ಅಲ್ಲಿಗೆ ವ್ಯಾಪಾರ ಮುಗಿಯಿತು.

ಅಂದು ಮಧ್ಯಾಹ್ನವೆಲ್ಲ ಅವನು ಅರ ಹಿಡಿದು ಕೂತ. ತಿರುಪಿನ ಅಂಚಿಗೆ ಅರೆ ಲೋಟಕ್ಕೆ ಒಂದು ಗೀರು, ಪೂರ್ತಿ ಲೋಟಕ್ಕೆ ಎರಡು ಗೀರು ಹಾಕಿದ. ಲೋಟ ಸರಿಯಾಗಿ ಮೂತಿಯ ಕೆಳಗೇ ಕೂರುವಂತೆ ತಟ್ಟೆಯ ಮೇಲೆ ತಗಡಿನ ಅರ್ಧಬಳೆ ಕೂರಿಸಿದ. ನೀರಿನ ತೊಟ್ಟಿಯೊಳಗೆ ಬೆರಳಿಗೆ ಸಿಗುವಂತೆ ಮಟ್ಟದ ಗುರುತು ಮಾಡಿದ. ಎಷ್ಟು ಲೋಟಕ್ಕೊಮ್ಮೆ ಕಾಫಿ ಗಸಿ ಬೀಳುವ ಡಬ್ಬ ಬರಿದು ಮಾಡಬೇಕೆಂಬುದನ್ನು ಅಕ್ಕ ಲೆಕ್ಕವಿಟ್ಟುಕೊಂಡಳು.

ಏಳು ವಾರ ಎಲ್ಲ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಮೆಷಿನ್ನಿನ ಗರಗರ ಸದ್ದಿಗೇ ಅವನಿಗೆ ಎಚ್ಚರವಾಗುತ್ತಿತ್ತು. ಹಾಸಿಗೆ ಪಕ್ಕಕ್ಕೆ ಲೋಟ ತಂದಿಟ್ಟು, “ಏಳೋ, ಗಾಡಿ ಹೊರಡುತ್ತೆ,” ಎನ್ನುತ್ತಿದ್ದಳು. ಮೇಲಿನ ಮನೆಯ ಟೀಚರಮ್ಮನನ್ನು ಕರೆದು ಕಾಫಿ ಕೊಟ್ಟಳು.

ಎಂಟನೆಯ ವಾರದ ಮಂಗಳವಾರ ಹನ್ನೊಂದು ಗಂಟೆಗೆ ತಮ್ಮನ ಫೋನು ಬಡಿದುಕೊಂಡಿತು. ಆಗ ಅವನು ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಬಚ್ಚಲ ಬಾಗಿಲ ಮುಂದೆ ಮಂಡಿಯೂರಿದ್ದ. ಒಳಗೆ ಒಬ್ಬ ಮುದುಕರು ಜಾರಿ ಬಿದ್ದಿದ್ದರು. ಚಿಲಕ ಒಳಗಿನಿಂದ ಸಿಕ್ಕಿಕೊಂಡಿತ್ತು. ಸೊಸೆ ಪಕ್ಕದಲ್ಲಿ ನಿಂತು ಅಳುತ್ತಿದ್ದಳು. ಮೂರನೆಯ ಸಲ ಬಡಿದುಕೊಂಡಾಗ ಭುಜಕ್ಕೆ ಫೋನು ಸಿಕ್ಕಿಸಿಕೊಂಡ.

“ಮೆಷಿನ್ ಏಳ್ತಾ ಇಲ್ಲ ಕಣೋ. ತಿರುಗಿಸಿದ್ರೆ ಬೀಪ್ ಬೀಪ್ ಅಂತ ಏನೋ ಹೇಳ್ತಾ ಇದೆ. ದೀಪ ಗೀಪ ಹತ್ತಿದೆಯೋ ಏನೋ.”

“ಅಕ್ಕಾ, ಇಲ್ಲೊಬ್ರು ಒಳಗೆ ಬಿದ್ದಿದ್ದಾರೆ. ಕಂಪನಿ ನಂಬರ್ ನಿನ್ನ ಫೋನಲ್ಲಿ ಹಾಕಿದ್ದೀನಿ, ಮಾಡು. ನಾನಾಮೇಲೆ...”

“ಸರಿ ಸರಿ, ನೀನು ಅವರನ್ನು ನೋಡು.”

ಅವಳು ಕಂಪನಿಗೆ ಫೋನ್ ಮಾಡಿದಳು. ಹುಡುಗಿಯೊಬ್ಬಳು ಬಹಳ ಸೌಜನ್ಯದಿಂದ ಕೇಳಿದಳು, “ಯಾವ ದೀಪ ಮಿನುಗ್ತಾ ಇದೆ ಮೇಡಂ? ಕೆಂಪೋ, ಕಿತ್ತಳೆಯೋ?”

“ನಂಗೆ ಕಣ್ಣು ಕಾಣಲ್ಲಮ್ಮಾ.”

“ಮನೇಲಿ ಬೇರೆ ಯಾರಾದ್ರೂ ಇದ್ದಾರಾ ಮೇಡಂ?”

“ನಾನಿದ್ದೀನಿ.”

“ಅಲ್ಲ ಮೇಡಂ, ನೋಡೋಕೆ ಆಗೋರು...”

ಯಾರೂ ಇರಲಿಲ್ಲ. ಟೀಚರಮ್ಮ ಶಾಲೆಗೆ ಹೋಗಿದ್ದಳು. ಕೆಂಪಾದರೆ ಒಳಗೆ ಸುಣ್ಣ ಕಟ್ಟಿದೆ, ಮೆಷಿನ್ ಜೊತೆ ಕೊಟ್ಟ ಔಷಧಿ ತೊಟ್ಟಿಗೆ ಹಾಕಿ ಎರಡೂ ಗುಂಡಿ ಒಟ್ಟಿಗೆ ಒತ್ತಬೇಕು. ಕಿತ್ತಳೆಯಾದರೆ ತೊಟ್ಟಿ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಕೂರಿಸಬೇಕು ಎಂದು ಹುಡುಗಿ ಹೇಳಿದಳು. ಬಣ್ಣ ತಿಳಿಯದೆ ತಾನು ಏನೂ ಮಾಡುವ ಹಾಗಿಲ್ಲ ಎಂದೂ ಹೇಳಿದಳು. ಸಂಜೆಯವರೆಗೆ ಕಾಯಿರಿ ಎಂದಳು.

ಅಕ್ಕ ಕಾಯಲಿಲ್ಲ. ಎರಡನ್ನೂ ಮಾಡಿಬಿಟ್ಟರೆ ಒಂದು ಸರಿಯಾಗಲೇಬೇಕಲ್ಲ ಅಂದುಕೊಂಡಳು.

ಮುದುಕರನ್ನು ಹೊರಗೆ ತಂದು, ಆಂಬುಲೆನ್ಸ್ ಹತ್ತಿಸಿ, ಅವನು ಮನೆಗೆ ಓಡಿಬಂದಾಗ ಮೂರೂವರೆ. ಬೀಗ ತೆಗೆದು ಅಡುಗೆಮನೆಯ ಹೊಸ್ತಿಲವರೆಗೆ ಬಂದವನು ಅಲ್ಲೇ ನಿಂತುಬಿಟ್ಟ. ತೊಟ್ಟಿ ಓರೆಯಾಗಿ ಕೂತಿತ್ತು. ಅದರ ನೀರೆಲ್ಲ ಕಟ್ಟೆಯಿಂದ ಹರಿದು, ಮಗುಚಿಬಿದ್ದ ಡಬ್ಬದ ಕಾಫಿ ಗಸಿಯೊಂದಿಗೆ ಸೇರಿ, ಬಾಗಿಲಿನಿಂದ ಫ್ರಿಜ್ಜಿನವರೆಗೂ ಕಂದು ಕೆಸರಾಗಿತ್ತು. ಅಕ್ಕ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಅವಳು ಒರೆಸುತ್ತಿದ್ದ ಜಾಗ ಒಣಗಿಯೇ ಇತ್ತು. ಅಲ್ಲಿಂದ ಒಂದು ಮೊಳ ಆಚೆಗೆ, ಅವಳ ಸೆರಗಿನ ತುದಿ ನೆನೆಯುತ್ತಿದ್ದ ಕಡೆ, ನೀರು ನಿಂತಿತ್ತು. ಅಂಗೈಯಿಂದ ನೆಲ ಸವರಿ ನೋಡಿ, ಒಣಗಿದೆ ಎಂದು ಸಮಾಧಾನಪಟ್ಟು, ಮತ್ತೆ ಅದನ್ನೇ ಒರೆಸುತ್ತಿದ್ದಳು.

ಕರೆಯಬೇಕೆಂದು ಬಾಯಿ ತೆರೆದ. ಕರೆದರೆ ತಾನು ಇದನ್ನು ನೋಡಿದೆ ಎಂದು ಅವಳಿಗೆ ತಿಳಿಯುತ್ತದೆ. ತುದಿಗಾಲಲ್ಲಿ ಹಿಂದಕ್ಕೆ ನಡೆದ. ಹೊರಗೆ ಹೋಗಿ, ಬಾಗಿಲೆಳೆದುಕೊಂಡು, ಕೀಲಿಗೊಂಚಲು ಝಣಝಣ ಕುಲುಕಿ, ದೊಡ್ಡ ಸದ್ದು ಮಾಡಿ ಮತ್ತೆ ಬೀಗ ತೆಗೆದ. “ಅಕ್ಕಾ, ಬಂದೆ!” ಎಂದು ಕೂಗಿದ.

ಅವನು ಒಳಗೆ ಬರುವಷ್ಟರಲ್ಲಿ ಅವಳು ಎದ್ದು ಕಟ್ಟೆ ಹಿಡಿದು ನಿಂತಿದ್ದಳು.

“ಸ್ವಲ್ಪ ನೀರು ಚೆಲ್ಲಿತ್ತು. ಒರೆಸಿಬಿಟ್ಟೆ,” ಎಂದಳು.

“ಹೌದು. ಚೆನ್ನಾಗಿ ಒರೆಸಿದ್ದೀಯ.” ಅವನ ಸಾಕ್ಸಿನೊಳಕ್ಕೆ ತಣ್ಣಗೆ ನೀರು ಇಳಿಯುತ್ತಿತ್ತು.

ಅಕ್ಕ ಕೇಳಿದಳು: “ಯಾಕೋ ಎರಡು ಸಲ ಬೀಗ ತೆಗೆದೆ?”

ಅವನು ಕೀಲಿಗೊಂಚಲನ್ನು ಜೇಬಿಗೆ ಹಾಕಿಕೊಂಡ.

“ಎಷ್ಟಿದೆ ನೀರು? ನಿಜ ಹೇಳು.”

“ಇದೆ ಅಕ್ಕಾ. ಫ್ರಿಜ್ ತನಕ ಇದೆ.”

ಅವಳು ತಲೆಯಾಡಿಸಿದಳು. ಬಟ್ಟೆಯನ್ನು ಅವನ ಕಡೆ ಚಾಚಿದಳು, ಅವನು ತೆಗೆದುಕೊಂಡ. ಅವನು ಒರೆಸಿ ಮುಗಿಸುವವರೆಗೂ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತಿದ್ದಳು.

ದೀಪ ಕೆಂಪಗಿತ್ತು. ಅವನು ಇನ್ನಷ್ಟು ಔಷಧಿ ತಂದು ಹಾಕಿ, ಅರ್ಧ ಗಂಟೆ ಮೆಷಿನ್ ತೊಳೆದ, ಹಸಿರು ಬಂತು. ಇಲ್ಲಿಯ ನೀರು ಗಡಸು, ಎರಡು ತಿಂಗಳಿಗೊಮ್ಮೆ ಹೀಗೇ ಆಗುತ್ತದೆ ಎಂದು ಕಂಪನಿಯವರು ಹೇಳಿದರು. ಬೇರೆ ಬೇರೆ ದೀಪಕ್ಕೆ ಬೇರೆ ಬೇರೆ ಸದ್ದು ಬರುವಂತೆ ಮಾಡಲಾಗುವುದೇ ಎಂದು ಕೇಳಿದ. ಆಗುವುದಿಲ್ಲ ಎಂದರು. ಒಳಗೆ ಬಿಚ್ಚಿ ನೋಡಿದ. ಬೀಗವಾಗಿದ್ದರೆ ಏನಾದರೂ ಹೊಳೆಯುತ್ತಿತ್ತು. ಸರ್ಕ್ಯೂಟಿನ ಹಸಿರು ಹಲಗೆಯ ಮೇಲೆ ಸಾಸಿವೆಯಷ್ಟು ಸಣ್ಣ ಸಣ್ಣ ಚುಕ್ಕಿಗಳು, ಅಷ್ಟೇ. ಮುಚ್ಚಿಟ್ಟ.

ಅಂದಿನಿಂದ ಅವನು ಕೆಲಸಕ್ಕೆ ಹೊರಡುವ ಮುಂಚೆ ಅಕ್ಕ, “ಸಿಗ್ನಲ್ ಏನು?” ಎಂದು ಕೇಳುತ್ತಾಳೆ. “ಹಸಿರು,” ಎನ್ನುತ್ತಾನೆ. “ಹೋಗಿ ಬಾ,” ಎನ್ನುತ್ತಾಳೆ. ಮಧ್ಯಾಹ್ನ ಅವನು ಫೋನ್ ಮಾಡಿ, “ಕಾಫಿ ಕುಡಿದ್ಯಾ?” ಎಂದರೆ, “ಕುಡಿದೆ ಕುಡಿದೆ, ಬಹಳ ಚೆನ್ನಾಗಿತ್ತು,” ಎನ್ನುತ್ತಾಳೆ.

ಸಂಜೆ ಬಂದು ನೋಡಿದರೆ ಲೋಟ ಬೆಳಿಗ್ಗೆ ತೊಳೆದಿಟ್ಟ ಹಾಗೇ ಬೋರಲಾಗಿರುತ್ತದೆ. ಗಸಿಯ ಡಬ್ಬದಲ್ಲಿ ಒದ್ದೆಯಿಲ್ಲ. ಒಂದು ವಾರ ನೋಡಿದ, ಎರಡು ವಾರ ನೋಡಿದ. ಯಾಕಕ್ಕಾ ಸುಳ್ಳು ಹೇಳ್ತೀಯ ಎಂದು ಕೇಳಲು ಅವನಿಗೆ ಮುಖವಿರಲಿಲ್ಲ.

ಮೂರನೆಯ ವಾರ ಒಂದು ದಿನ ಅಂಗಡಿ ಬೇಗ ಮುಚ್ಚಿ ಬಂದ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

“ಅಕ್ಕಾ, ನಂಗೊಂದು ಲೋಟ ಕಾಫಿ ಮಾಡಿಕೊಡ್ತೀಯಾ? ತಲೆ ಸಿಡೀತಿದೆ.”

“ನೀನಿಲ್ಲೇ ಇರ್ತೀಯಾ?”

“ಇಲ್ಲೇ ಇರ್ತೀನಿ.”

ಅವಳು ಎದ್ದು ಗೋಡೆ ಸವರಿಕೊಂಡು ಅಡುಗೆಮನೆಗೆ ಹೋದಳು. ಲೋಟವನ್ನು ತಗಡಿನ ಬಳೆಯೊಳಗೆ ಕೂರಿಸಿದಳು. ತಿರುಪಿನ ಮೇಲೆ ಅವಳ ಬೆರಳು ಎರಡು ಗೀರನ್ನು ಹುಡುಕಿ ನಿಂತಿತು, ತಿರುಗಿಸಲಿಲ್ಲ.

“ತಿರುಗಿಸಕ್ಕಾ. ಹಸಿರೇ ಇದೆ.”

“ನೋಡ್ತಾ ಇದ್ದೀಯ ತಾನೇ?”

“ನೋಡ್ತಾ ಇದ್ದೀನಿ.”

ಅವಳು ತಿರುಗಿಸಿದಳು. ಕೊನೆಯ ಹನಿ ಬೀಳುವವರೆಗೂ ಅವಳು ತಿರುಪಿನಿಂದ ಕೈ ತೆಗೆಯಲಿಲ್ಲ. ಅವನು ದೀಪದಿಂದ ಕಣ್ಣು ತೆಗೆಯಲಿಲ್ಲ.