ಒಳಗೆ ಯಾರಾದರೂ ಇದ್ದೀರಾ

ಸಂಜೆ ಎಣಿಕೆ ತಾಳೆಯಾದರೆ ಯಾವ ಕಾವಲುಗಾರನಿಗೂ ನಿರಾಳ. ಗೇಟಿಗೆ ಬೀಗ ಜಡಿದು ಮನೆಯ ದಾರಿ ಹಿಡಿಯುತ್ತಾನೆ. ಎಣಿಕೆಯಣ್ಣನ ರೀತಿಯೇ ಬೇರೆ. ತಾಳೆಯಾಗದ ದಿನ ಅವನು ಆರಾಮವಾಗಿರುತ್ತಿದ್ದ, ತಾಳೆಯಾದ ದಿನ ಅವನ ಕೈಕಾಲು ತಣ್ಣಗಾಗುತ್ತಿದ್ದವು.

ಅವನ ಕೆಲಸ ಇಷ್ಟೇ. ಬಲ ಜೇಬಿನಲ್ಲಿ ಒಂದು, ಎಡ ಜೇಬಿನಲ್ಲಿ ಒಂದು, ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದೆ ಹೋಗುವ ಪುಟ್ಟ ಯಂತ್ರಗಳು. ಒಬ್ಬರು ಒಳಗೆ ಹೋದರೆ ಬಲಗೈ ಒತ್ತಬೇಕು, ಹೊರಗೆ ಬಂದರೆ ಎಡಗೈ. ಐದೂವರೆಗೆ ಎರಡೂ ಅಂಕಿ ಒಂದೇ ಆಗಿದ್ದರೆ ಒಳಗೆ ಯಾರೂ ಉಳಿದಿಲ್ಲ ಎಂದರ್ಥ. ಬೆಳಗಿನಿಂದ ಸಂಜೆಯವರೆಗೆ ಎರಡೂ ಕೈ ಜೇಬಿನೊಳಗೆ, ಮೊಣಕೈ ಎರಡೂ ಹೊರಕ್ಕೆ ಚಾಚಿಕೊಂಡು, ಜಗಳಕ್ಕೆ ನಿಂತವನ ಹಾಗೆ ಅವನು ಗೇಟಿನ ಪಕ್ಕ ನಿಂತಿರುತ್ತಿದ್ದ. ಸ್ವಭಾವದಲ್ಲಿ ಮಾತ್ರ ಇರುವೆಗೂ ದಾರಿ ಬಿಡುವವನು.

ಬೆಕ್ಕು ಮರಿಗಳನ್ನು ಮನೆಯಿಂದ ಮನೆಗೆ ಸಾಗಿಸುವ ಹಾಗೆ ಇಲಾಖೆ ಅವನನ್ನು ಜಾಗದಿಂದ ಜಾಗಕ್ಕೆ ಸಾಗಿಸಿತ್ತು. ಹಕ್ಕಿಗಳ ಕೆರೆಯಲ್ಲಿ ನಾಲ್ಕು ವರ್ಷ, ಅಲ್ಲಿ ಪಿಸುಮಾತಿನಲ್ಲೇ ಜನರನ್ನು ಗದರಬೇಕಿತ್ತು. ಜಿಂಕೆಗಳ ಕಾಡಿನಲ್ಲಿ ಮೂರು. ಆಮೇಲೆ ಒಂದು ಹಳೆಯ ಯುದ್ಧಭೂಮಿ. ಹುಲ್ಲು ಮತ್ತು ಗಾಳಿ ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ನೋಡುವುದಕ್ಕೆ ಏನಿದೆ ಎಂದು ಜನ ದಿನಾ ಜಗಳ ತೆಗೆಯುತ್ತಿದ್ದರು. ಆಮೇಲೆ ದೀಪಸ್ತಂಭ, ಈಗ ಈ ಹಳೆಯ ಸೆರೆಮನೆ. ಎಲ್ಲಕ್ಕಿಂತ ಮೊದಲು, ಹತ್ತೊಂಬತ್ತು ವರ್ಷದ ಹಿಂದೆ, ಒಂದು ಬೆಟ್ಟದ ಕೋಟೆ. ಅದರ ಸುದ್ದಿಯನ್ನು ಅವನು ಎತ್ತುತ್ತಿರಲಿಲ್ಲ.

ಎಣಿಕೆ ತಾಳೆಯಾದ ಸಂಜೆ ಅವನು ಬೀಗ ಹಾಕುತ್ತಿರಲಿಲ್ಲ. ಟಾರ್ಚು ಹಿಡಿದು ಒಳಗೆ ಹೋಗಿ ಒಂದೊಂದು ತಿರುವಿನಲ್ಲೂ ನಿಂತು, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಿದ್ದ. ಕೂಗಿ ಕಿವಿಗೊಟ್ಟು ನಿಲ್ಲುತ್ತಿದ್ದ. ಸೆರೆಮನೆಯ ಅರವತ್ತೆರಡು ಕೋಣೆಗಳನ್ನು ಹಾಗೆ ಸುತ್ತುವುದೆಂದರೆ ಮುಕ್ಕಾಲು ಗಂಟೆ. ಟಿಕೆಟು ಕೊಡುವ ಹೆಂಗಸನ್ನು ಎಲ್ಲರೂ ಟಿಕೆಟ್ ಅಕ್ಕ ಎನ್ನುತ್ತಿದ್ದರು. ಆಕೆಗೆ ಇದು ತಲೆನೋವು. "ಎಣಿಸೋದು ಯಾಕೆ, ಮತ್ತೆ ನಂಬದೆ ಇರೋದು ಯಾಕೆ? ಎರಡರಲ್ಲಿ ಒಂದು ಮಾಡಿ ಮಾರಾಯ್ರೇ" ಎನ್ನುತ್ತಿದ್ದಳು. ಎಣಿಕೆಯಣ್ಣ ಎಂಬ ಹೆಸರು ಅವಳೇ ಇಟ್ಟದ್ದು. ಮನೆಯಲ್ಲೂ ಇದೇ ಪಾಡು. ಅವನು ನಿದ್ದೆಯಲ್ಲಿ ಹೀಗೆ ಕೂಗಿದಾಗ ಹೆಂಡತಿ ಒಮ್ಮೆ ತಮಾಷೆಗೆ, "ಇದ್ದೀನಿ, ಮಲಗಿ" ಎಂದಿದ್ದಳು. ಅವನು ಬೆವತು ಎದ್ದು ಕೂತು ಬೆಳಗಾಗುವ ತನಕ ಮಲಗಲಿಲ್ಲ. ಆಮೇಲೆ ಆಕೆ ಆ ತಮಾಷೆ ಮಾಡಲಿಲ್ಲ.

ಗೇಟಿನ ಪಕ್ಕದ ಗೋಡೆಗೆ ಒಂದು ಕಬ್ಬಿಣದ ಹಲಗೆ ಇತ್ತು. ಇಲಾಖೆಯ ಎಲ್ಲ ಜಾಗಗಳಲ್ಲೂ ಅದೇ ಹಲಗೆ, ಅದೇ ಅಕ್ಷರ: "ಎಚ್ಚರಿಕೆ. ಮುಚ್ಚುವ ವೇಳೆಯ ನಂತರ ಗೋಡೆ ಹಾರಿ ಒಳಗೆ ಬಂದ ವೃದ್ಧರೊಬ್ಬರು ಬಿದ್ದು ಪ್ರಾಣ ಕಳೆದುಕೊಂಡಿದ್ದಾರೆ. ನೀವು ಹಾಗೆ ಮಾಡಬೇಡಿ." ಹತ್ತೊಂಬತ್ತು ವರ್ಷದಿಂದ ಎಣಿಕೆಯಣ್ಣ ಹೋದಲ್ಲೆಲ್ಲ ಆ ಹಲಗೆಯ ಪಕ್ಕದಲ್ಲೇ ನಿಂತಿದ್ದ. ಅದಕ್ಕೆ ಬೆನ್ನು ಮಾಡಿ ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಹೆಗಲಿಗೆ ಬಟ್ಟೆಯ ಚೀಲ, ಒಬ್ಬಳೇ. ಟಿಕೆಟು ತೆಗೆದುಕೊಂಡು ನೇರ ಹಲಗೆಯ ಮುಂದೆ ಹೋಗಿ ನಿಂತು ಪೂರ್ತಿ ಓದಿದಳು. ಸಾಮಾನ್ಯವಾಗಿ ಅದನ್ನು ಯಾರೂ ಓದುವುದಿಲ್ಲ. ಆಮೇಲೆ ಅವನ ಕಡೆ ತಿರುಗಿದಳು.

"ನೀವು ಹೋಗೋರನ್ನ ಬರೋರನ್ನ ಎಣಿಸ್ತೀರಲ್ಲ, ಅದು ಯಾವತ್ತಾದ್ರೂ ತಪ್ಪುತ್ತಾ?"

"ಇಲ್ಲಮ್ಮ. ತಪ್ಪಲ್ಲ," ಎಂದ ಎಣಿಕೆಯಣ್ಣ. ಈ ಪ್ರಶ್ನೆಗೆ ಇಲಾಖೆಯವರೆಲ್ಲ ಕೊಡುವ ಉತ್ತರ ಅದು.

"ಎಲ್ಲಾ ಕಡೆನೂ ಹಾಗೇ ಹೇಳಿದ್ರು," ಎಂದು ಅವಳು ಚೀಲದಿಂದ ಒಂದು ಹಳೆಯ ಚಿತ್ರದ ಪುಸ್ತಕ ತೆಗೆದಳು. "ನಮ್ಮಪ್ಪ ಶಾಲೇಲಿ ಚಿತ್ರ ಕಲಿಸ್ತಿದ್ರು. ನಿವೃತ್ತಿಯಾದ ಮೇಲೆ ಇಂಥ ಜಾಗ ಎಲ್ಲಾ ಸುತ್ತಿ ಬರೀಬೇಕು ಅಂತ ಹೊರಟ್ರು. ಮೂವತ್ತೊಂದು ಜಾಗದ ಪಟ್ಟಿ ಮಾಡಿದ್ರು. ಹದಿನೇಳಕ್ಕೆ ನಿಂತೋಯ್ತು. ಉಳಿದಿದ್ದನ್ನ ನಾನು ನೋಡ್ತಿದ್ದೀನಿ."

ಅವಳು ಪುಟ ತಿರುವಿದಳು. ಕೆರೆಯ ದಂಡೆ, ಬಿದ್ದ ಕಂಬ, ಕಾಡಿನ ಹಾದಿ, ಎಲ್ಲವೂ ಪೆನ್ಸಿಲಿನ ಹದವಾದ ಗೆರೆಗಳಲ್ಲಿ. ಕೊನೆಯ ಚಿತ್ರದಲ್ಲಿ ಕೋಟೆಯ ಬಾಗಿಲು ತೆರೆದಿತ್ತು. ಬಾಗಿಲ ಪಕ್ಕ ಒಬ್ಬ ಮನುಷ್ಯ, ಎರಡೂ ಕೈ ಜೇಬಿನೊಳಗೆ, ಮೊಣಕೈ ಹೊರಕ್ಕೆ. ಮುಖ ಬರೆದಿರಲಿಲ್ಲ.

"ಅವರು ಸತ್ತಾಗ ಇದು ಅವರ ಹತ್ರಾನೇ ಸಿಕ್ತು. ಬಾಗಿಲು ತೆಗೆದೇ ಇದೆ ನೋಡಿ. ನಮ್ಮಪ್ಪ ಗೋಡೆ ಹಾರಿದೋರಲ್ಲ. ಅರವತ್ತೈದು ದಾಟಿದೋರಿಗೆ ಟಿಕೆಟು ಇಲ್ಲ, ಹಾಗಾಗಿ ತೋರಿಸೋಕೆ ಚೀಟಿ ಇರಲಿಲ್ಲ. ವಿಚಾರಣೆ ಮಾಡಿದೋರು, ಚಿತ್ರ ಇನ್ನೊಂದು ದಿನ ಬರೆದಿರಬಹುದು ಅಂದ್ರು. ಎಣಿಕೆ ತಾಳೆಯಾಗಿದೆ ಅಂದ್ರು."

ಎಣಿಕೆಯಣ್ಣ ಚಿತ್ರದಿಂದ ಕಣ್ಣು ಕಿತ್ತು ಹಲಗೆಗೆ ಬೆನ್ನು ಮಾಡಿ ನಿಂತ. ಮೇಷ್ಟರ ಮಗಳು ಅವನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಟಿಕ್ ಎಂದಿತು.

ಆ ದಿನ ಅವನ ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಶಾಲೆಯ ಮಕ್ಕಳ ದಂಡು ಬಂದು ಹೋಯಿತು. ಹೆಗಲ ಮೇಲೆ ಕೂತ ಮಕ್ಕಳನ್ನು ಬಿಡದೆ ಎಣಿಸುವುದು ಅವನ ಹಟ. ಅಂಥವರನ್ನು ಗೇಟಿನಲ್ಲಿ ನಿಲ್ಲಿಸಿ, ಮಗುವಿನ ಮೂಗಿನ ಮುಂದೆ ಯಂತ್ರ ಹಿಡಿದು ಟಿಕ್ ಎನಿಸಿ ಕಳಿಸುತ್ತಿದ್ದ. ಆ ದಿನ ಮಾತ್ರ ಕಣ್ಣು ಒಳಗಿನ ಅಂಗಳದ ಕಡೆಗೇ ಓಡುತ್ತಿತ್ತು. ಮೇಷ್ಟರ ಮಗಳು ಹೊರಗೆ ಹೋಗುವುದನ್ನು ಅವನು ಕಾಯುತ್ತಿದ್ದ. ಅವಳು ಹೋದರೆ ಸಾಕು, ಬದುಕಿದೆ ಎಂದುಕೊಂಡಿದ್ದ. ಹೇಡಿಯ ಆಸೆ ಎಂದು ಅವನಿಗೂ ಗೊತ್ತಿತ್ತು.

ಐದೂವರೆಯಾಯಿತು. ಎರಡೂ ಯಂತ್ರ ಹೊರಗೆ ತೆಗೆದ. ಬಲಗೈಯಲ್ಲಿ ನೂರ ನಲವತ್ತಮೂರು. ಎಡಗೈಯಲ್ಲಿ ನೂರ ನಲವತ್ತಮೂರು.

"ಸರಿಹೋಯ್ತಲ್ಲ, ಬೀಗ ಹಾಕಿ," ಎಂದಳು ಟಿಕೆಟ್ ಅಕ್ಕ, ಕಿಟಕಿ ಮುಚ್ಚುತ್ತಾ.

"ಬೆಳಿಗ್ಗೆ ಚೀಲ ಹಾಕ್ಕೊಂಡು ಬಂದ ಹೆಂಗಸು ಹೊರಗೆ ಹೋದ್ಳಾ?"

"ಹೋಗಿರಬೇಕು. ಎಣಿಕೆ ಸರಿ ಇದೆಯಲ್ಲ."

ಎಣಿಕೆ ಸರಿ ಇದೆಯಲ್ಲ. ಇದೇ ಮಾತನ್ನು ಹತ್ತೊಂಬತ್ತು ವರ್ಷದ ಹಿಂದೆ ಅವನೇ ಆಡಿದ್ದ. ಅವನು ಟಾರ್ಚು ತೆಗೆದುಕೊಂಡು ಒಳಗೆ ಹೊರಟ. ಹೊರಗೆ ಇನ್ನೂ ಬೆಳಕಿತ್ತು, ಕೋಣೆಗಳ ಸಾಲಿನೊಳಗೆ ಆಗಲೇ ಮಬ್ಬು. ಮೊದಲ ತಿರುವಿನಲ್ಲಿ ನಿಂತು ಕೂಗಿದ. ಅವನ ದನಿಯೇ ಗೋಡೆಗೆ ತಾಗಿ ವಾಪಸು ಬಂತು. ಎರಡನೆಯ ತಿರುವಿನಲ್ಲಿ ಕೂಗಿದ. ಒಂದು ಕಬ್ಬಿಣದ ಬಾಗಿಲು ಗಾಳಿಗೆ ಕಿರುಗುಟ್ಟಿತು. ಕೊನೆಯ ಸಾಲಿಗೆ ಬಂದು ನಿಂತ.

"ಒಳಗೆ ಯಾರಾದ್ರೂ ಇದ್ದೀರಾ?"

"ಇದ್ದೀನಿ."

ಟಾರ್ಚು ಕೈಜಾರಿ ಬಿತ್ತು. ಅದು ಉರುಳಿ ನಿಂತಾಗ ಬೆಳಕು ಬಿದ್ದ ಕಡೆ, ಅರವತ್ತೊಂದನೆಯ ಕೋಣೆಯ ಕಲ್ಲುಕಟ್ಟೆಯ ಮೇಲೆ, ಮೇಷ್ಟರ ಮಗಳು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಅವನು ಬಾಗಿ ಟಾರ್ಚು ಎತ್ತಿಕೊಂಡ.

"ಹೆದರಿಸಬೇಕು ಅಂತಿರಲಿಲ್ಲ," ಎಂದಳು ಅವಳು. "ಎಲ್ಲಾ ಕಡೆ ಹೀಗೇ ಕೂತ್ಕೋತೀನಿ. ಮುಚ್ಚೋ ಹೊತ್ತಿಗೆ ಯಾರಾದ್ರೂ ಹುಡುಕಿಕೊಂಡು ಬರ್ತಾರಾ ಅಂತ ನೋಡೋಕೆ. ಎಣಿಕೆ ತಪ್ಪಿದ ಕಡೆ ಬಂದಿದ್ದಾರೆ, ಬೈದು ಕಳಿಸಿದ್ದಾರೆ. ಎರಡು ಕಡೆ ಬೀಗ ಹಾಕ್ಕೊಂಡು ಹೋಗಿಬಿಟ್ರು. ಕೇಳಿದ್ರೆ ತಾಳೆಯಾಗಿತ್ತು ಅಂತಾರೆ. ಇವತ್ತು ಎಷ್ಟು ಕಮ್ಮಿ ಬಂತು?"

"ಕಮ್ಮಿ ಬರಲಿಲ್ಲಮ್ಮ. ತಾಳೆಯಾಯ್ತು."

ಅವಳು ನಿಧಾನವಾಗಿ ಎದ್ದು ನಿಂತಳು. "ತಾಳೆಯಾಗಿದ್ರೆ ನೀವ್ಯಾಕೆ ಬಂದ್ರಿ?"

ವಿಚಾರಣೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಲ್ಲಿ ಕೇಳಿದ್ದು ಎಣಿಕೆ ತಾಳೆಯಾಗಿತ್ತೇ ಎಂದಷ್ಟೇ. ಹೌದು ಎಂದಿದ್ದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಹಾಗಾಗಿ ಸುಳ್ಳು ಹೇಳಿಲ್ಲ ಎಂದು ಅವನು ಇಷ್ಟು ವರ್ಷ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದ. ಈಗ ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ಆ ಚಿತ್ರದಲ್ಲಿ ನಿಂತಿರೋನು ನಾನೇ," ಎಂದ.

ಮೇಷ್ಟರ ಮಗಳು ತಲೆಯಾಡಿಸಿದಳು. "ಬೆಳಿಗ್ಗೆ ನಿಮ್ಮನ್ನ ನೋಡಿದಾಗಲೇ ಅನ್ನಿಸ್ತು. ನಿಲ್ಲೋ ರೀತಿ ಅದೇ ಇದೆ. ಹೇಳಿ."

"ಅವತ್ತು ಒಬ್ಬ ಹುಡುಗೀನ ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ಹೋದ. ನಾನು ಒಬ್ಬರು ಅಂತ ಒತ್ತಿದೆ. ಹೆಗಲ ಮೇಲಿನ ಮಕ್ಕಳನ್ನ ಆಗ ಯಾರೂ ಎಣಿಸ್ತಿರಲಿಲ್ಲ. ಹೊರಗೆ ಬರೋವಾಗ ಮಗು ನಡ್ಕೊಂಡು ಬಂತು. ನನ್ನ ಮುಂದೆ ನಿಂತು 'ನನ್ನನ್ನೂ ಎಣಿಸಿ' ಅಂತು. ಮುದ್ದಾಗಿತ್ತು. ಅದರ ಖುಷಿಗೆ ಒಂದು ಟಿಕ್ ಅನ್ನಿಸಿದೆ." ಅವನು ತನ್ನ ಎಡಗೈ ಹೆಬ್ಬೆರಳನ್ನು ನೋಡಿಕೊಂಡ. "ಒಳಗೆ ಹೋಗೋವಾಗ ಎಣಿಸದ ಮಗು ಹೊರಗೆ ಬರೋವಾಗ ಎಣಿಕೆಗೆ ಬಂತು. ನಿಮ್ಮಪ್ಪ ಒಳಗೇ ಇದ್ರು, ಆದ್ರೂ ಎರಡೂ ಅಂಕಿ ಒಂದೇ ಆಯ್ತು. ಬೀಗ ಹಾಕಿದೆ."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಮಾರನೇ ದಿನ ವಾರದ ರಜೆ. ಅದರ ಮಾರನೇ ದಿನ ಬೀಗ ತೆಗೆದು ಬರಿದಾದ ನೀರಿನ ತೊಟ್ಟೀಲಿ ಅವರನ್ನ ನೋಡಿದೆನಲ್ಲ, ಆ ಗಳಿಗೇಲೇ ಗೊತ್ತಾಯ್ತು."

"ಗೊತ್ತಾದ್ರೂ ಸುಮ್ಮನಿದ್ರಿ."

"ಸುಮ್ಮನಿದ್ದೆ."

ಹೊರಗೆ ಟಿಕೆಟ್ ಅಕ್ಕ ಅವನನ್ನು ಕರೆಯುವುದು ಕೇಳಿಸಿತು. ಹೇಳಬೇಕಾದದ್ದು ಇನ್ನೊಂದಿತ್ತು. ಹೆಂಡತಿಗೂ ಹೇಳದ ಮಾತು ಅದು. ಅದನ್ನು ನುಂಗಿಕೊಂಡರೂ ಇವಳಿಗೆ ಗೊತ್ತಾಗುವುದಿಲ್ಲ ಎಂಬ ಯೋಚನೆ ಈಗಲೂ ಬಂತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಬೀಗ ಹಾಕೋವಾಗ ಕೂಗು ಕೇಳಿಸಿತ್ತು," ಎಂದ.

"ಏನಂತ?"

"'ಹೊರಗೆ ಯಾರಾದ್ರೂ ಇದ್ದೀರಾ' ಅಂತ. ಒಂದೇ ಸಲ. ಯಾವುದೋ ಹಕ್ಕಿ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಜೇಬಲ್ಲಿ ಎಣಿಕೆ ಸರಿ ಇತ್ತಲ್ಲ. ಎರಡನೇ ಸಲ ಕೂಗಿದ್ರೋ ಏನೋ. ಕೇಳೋಕೆ ನಾನು ನಿಲ್ಲಲಿಲ್ಲ."

ಮೇಷ್ಟರ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನೂ ಅತ್ತ. ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಸಂಬಂಧ ಅವರದಲ್ಲ, ಹಾಗಾಗಿ ಇಬ್ಬರೂ ದೂರದೂರವೇ ಇದ್ದರು. ಅವಳು ಕಣ್ಣೊರೆಸಿಕೊಂಡು ಚೀಲ ಹೆಗಲಿಗೇರಿಸಿದಳು.

"ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ. ಅದನ್ನ ಕೇಳಬೇಡಿ."

"ಕೇಳಲ್ಲಮ್ಮ."

"ಈಗ ಹೇಳಿದ್ದನ್ನೆಲ್ಲ ಬರೆದು ಕೊಡಿ. ಕೂಗು ಕೇಳಿಸಿದ್ದೂ ಸೇರಿಸಿ."

ಗೇಟಿನ ಕೋಣೆಯಲ್ಲಿ ಕೂತು ಅವನು ಬರೆದ. ಎರಡು ಹಾಳೆಯಾಯಿತು. ಟಿಕೆಟ್ ಅಕ್ಕ ಅವನ ಹೆಗಲ ಹಿಂದಿನಿಂದ ಪೂರ್ತಿ ಓದಿದಳು. ಮೇಷ್ಟರ ಮಗಳು ಹಾಳೆಗಳನ್ನು ಚಿತ್ರದ ಪುಸ್ತಕದೊಳಗೆ ಇಟ್ಟುಕೊಂಡು, ಹಲಗೆಯ ಕಡೆ ಕೈ ತೋರಿಸಿದಳು.

"ಇದನ್ನ ಬಿಚ್ಚಿ."

"ಅದಕ್ಕೆ ಮೇಲಿನವರ ಅಪ್ಪಣೆ..." ಎಂದು ಹಳೆಯ ರೂಢಿಯಲ್ಲಿ ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದ. ಒಳಗಿನಿಂದ ಸ್ಕ್ರೂಡ್ರೈವರ್ ತಂದ. ನಾಲ್ಕು ಸ್ಕ್ರೂಗಳಲ್ಲಿ ಮೂರು ಸಲೀಸಾಗಿ ಬಂದವು, ತುಕ್ಕು ಹಿಡಿದ ಒಂದು ಅವನನ್ನು ಸತಾಯಿಸಿತು. ಟಿಕೆಟ್ ಅಕ್ಕ ಬಂದು ಹಲಗೆಯ ಕೆಳಗೆ ಕೈ ಕೊಟ್ಟಳು. ಅದು ಕಳಚಿಕೊಂಡಾಗ ಗೋಡೆಯ ಮೇಲೆ ಅಷ್ಟೇ ಅಗಲದ ಬೆಳ್ಳಗಿನ ಜಾಗ ಕಾಣಿಸಿತು.

ಮೇಷ್ಟರ ಮಗಳು ಗೇಟು ದಾಟಿ ಹೊರಗೆ ಹೋದಳು. ಜೇಬಿನೊಳಗೆ ಎಡಗೈ ಟಿಕ್ ಎಂದಿತು.

ದಿನಚರಿ ಪುಸ್ತಕ ತೆರೆದು ಅವನು ತುಂಬಿದ: ಒಳಗೆ ಬಂದವರು ನೂರ ನಲವತ್ತಮೂರು, ಹೊರಗೆ ಹೋದವರು ನೂರ ನಲವತ್ತನಾಲ್ಕು. ಕೆಳಗೆ ಸಹಿ ಹಾಕಿದ.

"ಬೆಳಿಗ್ಗೆ ಒಬ್ಬ ತಾಯಿ ಹೊದಿಕೆಯೊಳಗೆ ಮಲಗಿದ್ದ ಮಗೂನ ಎತ್ಕೊಂಡು ಒಳಗೆ ಹೋದ್ಳು, ನೀವು ನೋಡಲೇ ಇಲ್ಲ," ಎಂದಳು ಟಿಕೆಟ್ ಅಕ್ಕ ಮೆಲ್ಲಗೆ. "ಸಂಜೆ ಅದು ನಡ್ಕೊಂಡು ಬಂತು. ಅದೇ ಇದು. ಬಲಗಡೆ ಒಂದು ಸೇರಿಸಿಬಿಡಿ, ತಾಳೆಯಾಗುತ್ತೆ."

"ಬೇಡ," ಎಂದ ಎಣಿಕೆಯಣ್ಣ. "ಹತ್ತೊಂಬತ್ತು ವರ್ಷದಿಂದ ಒಳಗಿದ್ದ ಒಬ್ಬರು ಇವತ್ತು ಹೆಚ್ಚಿಗೇ ಹೊರಗೆ ಹೋಗಿದ್ದಾರೆ. ಹಾಗೇ ಇರಲಿ."

ಆಮೇಲೆ ಗೇಟಿಗೆ ಬೀಗ ಹಾಕಿದ.