ಆಪರೇಟರ್ ದೊಡ್ಡಪ್ಪನ ಎದೆಯ ರೀಲು

ನಮ್ಮ ದೊಡ್ಡಪ್ಪ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಇಂಟರ್ವಲ್ ಕೊಡುತ್ತಿದ್ದರು. ಗೋಡೆ ಹಿಡಿದು ನಿಂತು, ಏದುತ್ತಾ, "ವಯಸ್ಸಾಯ್ತು ಕಣೇ" ಎನ್ನುತ್ತಿದ್ದರು. ಇನ್ನೂ ಅರವತ್ತೂ ದಾಟಿರಲಿಲ್ಲ!

ಒಂದು ಕಾಲದಲ್ಲಿ ಅವರು ಟಾಕೀಸಿನ ಆಪರೇಟರ್. ರೀಲಿನ ಡಬ್ಬಿ ಹೆಗಲಿಗೇರಿಸಿ ಕಬ್ಬಿಣದ ಏಣಿಯಲ್ಲಿ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಓಡಿಕೊಂಡೇ ಹತ್ತುತ್ತಿದ್ದರು. ಚಿಕ್ಕವಳಿದ್ದಾಗ ಆ ಕ್ಯಾಬಿನ್ನೇ ನನಗೆ ಸ್ವರ್ಗ. ಪ್ರೊಜೆಕ್ಟರಿನೊಳಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಚರ್ರನೆ ಉರಿಯುತ್ತಿತ್ತು. ದೊಡ್ಡಪ್ಪನ ತುಟಿಯಲ್ಲಿ ಸಿಗರೇಟು. ಬೆಳಕಿನ ಕೋಲಿನೊಳಗೆ ಹೊಗೆ ಸುರುಳಿ ಸುತ್ತುತ್ತಿದ್ದರೆ ನಾನು ಕೈ ಚಾಚಿ ಹಿಡಿಯಲು ಹೋಗುತ್ತಿದ್ದೆ. ಹೀರೋ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಡೈಲಾಗ್ ಹೊಡೆಯುತ್ತಿದ್ದರು. ನಾನು ತರಲೆ ಮಾತು ಕಲಿತಿದ್ದೂ ಅಲ್ಲೇ.

ಕೊನೆಗೆ ನಾನೂ ದೊಡ್ಡಮ್ಮನೂ ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಹೆಚ್ಚೇನೂ ಕಾಣಲಿಲ್ಲ. ಆದರೆ ಯಂತ್ರದ ಕೊಳವೆಗೆ ಜೋರಾಗಿ ಊದುವ ಪರೀಕ್ಷೆಯಲ್ಲಿ ಉಸಿರು ಸಲೀಸಾಗಿ ಹೊರಗೆ ಬರಲಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದರು.

"ಒಂದು ಫೋಟೋ ಆಯ್ತಲ್ಲ, ಮತ್ತೆ ಯಾಕೆ?" ದೊಡ್ಡಪ್ಪನ ತಕರಾರು.

"ಎಕ್ಸ್‌ರೇ ಬರೀ ಪೋಸ್ಟರ್ ದೊಡ್ಡಪ್ಪ. ಸಿ.ಟಿ. ಅಂದ್ರೆ ಪೂರ್ತಿ ರೀಲು. ಎದೆಯನ್ನ ಪದರ ಪದರವಾಗಿ ತೋರಿಸುತ್ತೆ."

"ಯಾವುದೋ ಗುಹೆಗೆ ತೂರಿಸ್ತಾರಂತಲ್ಲೇ!"

"ಗುಹೆ ಅಲ್ಲ, ದೊಡ್ಡ ಬಳೆ ಥರ ಇರುತ್ತೆ. ಒಳಗೆ ವಿಲನ್ನೂ ಇರಲ್ಲ. ಉಸಿರು ಹಿಡಿದು ಸುಮ್ನೆ ಮಲಗಿದ್ರೆ ಆಯ್ತು."

"ಇವರು, ಸುಮ್ನೆ?" ದೊಡ್ಡಮ್ಮ ನಕ್ಕರು. "ಅದೊಂದರಲ್ಲೇ ಫೇಲಾಗ್ತಾರೆ ನೋಡು."

ಸ್ಕ್ಯಾನ್ ಮುಗಿಯಿತು. ಫಿಲ್ಮು ಕೈಗೆ ಸಿಕ್ಕಿದ್ದೇ ತಡ, ದೊಡ್ಡಪ್ಪ ಹಳೇ ಅಭ್ಯಾಸದಂತೆ ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಅರಳಿತು.

"ಆಹಾ, ಏನು ಪ್ರಿಂಟೇ ಇದು! ಒಂದು ಗೀರಿಲ್ಲ, ಬಿಳಿ ಚುಕ್ಕೆ ಇಲ್ಲ. ಎದೆ ಕಪ್ಪಗೆ ಕ್ಲೀನಾಗಿದೆ. ನಂಗೇನೂ ಆಗಿಲ್ಲ, ನಡೀರಿ ಮನೆಗೆ!"

ಫಿಲ್ಮಿನ ವಿಷಯದಲ್ಲಿ ಅವರಿಗೆ ಎದುರಾಡುವವರು ಯಾರು? ನಾವೂ ನಂಬಿಬಿಟ್ಟೆವು. ಅವರು ಆಸ್ಪತ್ರೆಯ ಗೇಟಿನಾಚೆ ಹೋಗಿ ಖುಷಿಗೆ ಒಂದು ಸಿಗರೇಟನ್ನೂ ಸೇದಿ ಬಂದರು. ದೊಡ್ಡಮ್ಮ ಮಾತ್ರ ಬಿಡಲಿಲ್ಲ. ಡಾಕ್ಟರಮ್ಮನ ಮುಂದೆ ಕೂರಿಸಿದರು.

"ಯಜಮಾನ್ರೇ, ಸಿನಿಮಾಕ್ಕೆ ನೀವೇ ಗುರುಗಳು," ಎನ್ನುತ್ತಾ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಒಂದೊಂದೇ ಪದರ ಸರಿಸಿದರು. "ಆದ್ರೆ ಇಲ್ಲಿ ಕಪ್ಪು ಅಂದ್ರೆ ಗಾಳಿ. ಚೆನ್ನಾಗಿರೋ ಜಾಗ ನೋಡಿ, ಬೂದು ಬಣ್ಣ ಇದೆ. ಅಲ್ಲಿ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಮೇಲ್ಗಡೆ ಈ ಕಡುಗಪ್ಪು ಇದೆಯಲ್ಲ, ಅಲ್ಲಿ ಗೂಡಿನ ಗೋಡೆಗಳೇ ಒಡೆದುಹೋಗಿವೆ. ಒಳಗೆ ಹೋದ ಗಾಳಿ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಉಸಿರಿನ ಕೊಳವೆಗಳ ಗೋಡೆಯೂ ದಪ್ಪ ಆಗಿ ದಾರಿ ಕಿರಿದಾಗಿದೆ. ಗಡ್ಡೆ ಏನೂ ಕಾಣಲಿಲ್ಲ, ಅದೊಂದು ಸಮಾಧಾನ."

ದೊಡ್ಡಪ್ಪನ ದನಿ ಇಳಿಯಿತು. "ರೀಲು ಸುಟ್ಟು ತೂತಾದ ಹಾಗಾ? ನಾವು ಕತ್ತರಿಸಿ ಅಂಟಿಸ್ತಿದ್ವಿ."

"ಇದನ್ನ ಅಂಟಿಸೋಕಾಗಲ್ಲ. ಹೋಗಿದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೋಬಹುದು. ಇದೆಲ್ಲ ಹೊಗೆ ಮಾಡಿದ್ದು. ಸಿಗರೇಟು ಬಿಡಿ, ಇನ್‌ಹೇಲರ್ ತಪ್ಪಿಸಬೇಡಿ."

"ಆ ಕ್ಯಾಬಿನ್ನಿಗೊಂದು ಕಿಟಕಿ ಇಡಿಸ್ರಿ ಅಂತ ಬಡ್ಕೊಂಡೆ," ಎಂದರು ದೊಡ್ಡಮ್ಮ.

"ಹೊಗೆ ಇದ್ರೇನೇ ಬೆಳಕು ಅಷ್ಟು ಚಂದ ಕಾಣ್ತಿತ್ತು ಕಣೇ..." ಎಂದ ದೊಡ್ಡಪ್ಪ ಥಟ್ಟನೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ನಿನ್ನನ್ನ ತೊಡೆ ಮೇಲೆ ಕೂರಿಸ್ಕೊಂಡೇ ಸೇದ್ತಿದ್ದೆನಲ್ಲೇ, ತರಲೆ..."

ನಾನು ಕುರ್ಚಿ ಎಳೆದು ಅವರಿಗೆ ಒತ್ತಿಕೊಂಡು ಕೂತೆ.

ಅವರು ಸಿಗರೇಟಿನ ಪ್ಯಾಕನ್ನು ದೊಡ್ಡಮ್ಮನ ಕೈಗಿಟ್ಟರು. "ನೀನೇ ಬಿಸಾಕು. ನನ್ನನ್ನ ನಂಬಬೇಡ."

"ಮದುವೆಯಾದ ದಿನದಿಂದಲೂ ನಂಬಿಲ್ಲ ಬಿಡ್ರಿ!"

ಓದುಗರೇ, ನಿಮ್ಮ ಮನೆಯಲ್ಲೂ ಕೆಮ್ಮು ಬಿಡದವರು, ನಾಲ್ಕು ಹೆಜ್ಜೆಗೆ ಏದುವವರು ಇದ್ದಾರಾ? ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ. ಊದುವ ಪರೀಕ್ಷೆ ಮಾಡಿಸಿ. ಡಾಕ್ಟರು ಬೇಕೆಂದರೆ ಸಿ.ಟಿ.ಗೆ ಹೆದರಬೇಡಿ, ಬೇಡವೆಂದರೆ ಹಟ ಮಾಡಬೇಡಿ. ಚಿತ್ರ ಕೈಗೆ ಬಂದಾಗ ನೀವೇ ತೀರ್ಪು ಕೊಡಬೇಡಿ. ಸಿಗರೇಟಿನದಾಗಲಿ, ಒಲೆಯದಾಗಲಿ, ಕೆಲಸದ ಜಾಗದ್ದಾಗಲಿ, ಹೊಗೆಯಿಂದ ದೂರ ಇರಿ. ನಾಳೆಯೇ ಅವರನ್ನು ಕರೆದುಕೊಂಡು ಹೋಗಿ. ಬೈದರೆ ಬೈಸಿಕೊಳ್ಳಿ. ಇನ್ನೂ ಬಹಳ ವರ್ಷ ನಮ್ಮನ್ನು ಬೈಯಲು ಅವರ ಎದೆಯಲ್ಲಿ ಉಸಿರಿರಲಿ.